ಕಾಣದ ಗಾಯಕನ ಮೇಲೆ ಕರಗದ ಅಭಿಮಾನ ಏಕೆ?

ಪ್ರಶ್ನೆ: ನಮ್ಮದು ದಾವಣಗೆರೆ. ನಮ್ಮ ಮನೆಯವರಿಗೆ 54 ವರ್ಷ, ಮಂಡಿಪೇಟೆಯ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಾರೆ. ಜಗಳೂರು ಕಡೆಯ ಹಳ್ಳಿಯಿಂದ ಓದಲು ಬಂದು ಹಾಸ್ಟೆಲಿನಲ್ಲಿದ್ದ ಕಾಲದಿಂದಲೂ ಅವರಿಗೆ ಎಸ್.ಪಿ. ಬಾಲಸುಬ್ರಹ್ಮಣ್ಯಂ ಎಂದರೆ ಪ್ರಾಣ. 2020ರಲ್ಲಿ ಎಸ್‌ಪಿಬಿ ತೀರಿಕೊಂಡಾಗ ಒಡಹುಟ್ಟಿದ ಅಣ್ಣನನ್ನು ಕಳೆದುಕೊಂಡವರಂತೆ ಅತ್ತರು. ಈಗಲೂ ಸೆಪ್ಟೆಂಬರ್ ಬಂದರೆ ಮಂಕಾಗುತ್ತಾರೆ. ಪಿಯುಸಿ ಓದುವ ಮಗಳಿಗೆ ಕೊರಿಯಾದ ಬಿಟಿಎಸ್ ತಂಡದ ಹುಚ್ಚು. ಮೊನ್ನೆ ಅವರು "ಅದೂ ಒಂದು ಹಾಡೇನೇ?" ಎಂದರು, ಅವಳು "ತೀರಿಹೋದವರ ಹಾಡನ್ನೇ ಎಷ್ಟು ದಿನ ಅಂತ ಕೇಳ್ತೀಯಪ್ಪ?" ಎಂದುಬಿಟ್ಟಳು. ಅಂದಿನಿಂದ ಇಬ್ಬರಿಗೂ ಮಾತಿಲ್ಲ. ಒಮ್ಮೆಯೂ ಎದುರಿಗೆ ಕಾಣದ ಗಾಯಕರ ಮೇಲೆ ಇಷ್ಟು ಗಾಢವಾದ ಪ್ರೀತಿ ಹೇಗೆ ಹುಟ್ಟುತ್ತದೆ, ಇಷ್ಟು ವರ್ಷ ಹೇಗೆ ಉಳಿಯುತ್ತದೆ? ಇದೇನು ಕಾಯಿಲೆಯೇ? ಅಟ್ಟದ ಮೇಲಿರುವ ಕ್ಯಾಸೆಟ್ಟುಗಳನ್ನು ಗುಜರಿಗೆ ಹಾಕಿದರೆ ಸರಿಹೋದೀತೇ?

ಉತ್ತರ: ಕ್ಯಾಸೆಟ್ಟುಗಳನ್ನು ದಯವಿಟ್ಟು ಗುಜರಿಗೆ ಹಾಕಬೇಡಿ. ನಿಮ್ಮ ಉಳಿದ ಪ್ರಶ್ನೆಗಳಿಗೆ ಉತ್ತರದ ದೊಡ್ಡ ಪಾಲು ಆ ಡಬ್ಬದಲ್ಲಿಯೇ ಇರುವುದರಿಂದ ಇದನ್ನು ಮೊದಲು ಹೇಳುತ್ತಿದ್ದೇನೆ.

ನಿಮ್ಮ ಮನೆಯವರು ಕಾಲೇಜಿನಲ್ಲಿದ್ದ ಎಂಬತ್ತರ ದಶಕದ ಕೊನೆಯ ವರ್ಷಗಳಲ್ಲಿ ಇಷ್ಟವಾದ ಹಾಡನ್ನು ಬೇಕೆಂದಾಗ ಕೇಳುವುದು ಸುಲಭದ ಮಾತಾಗಿರಲಿಲ್ಲ. ಹಣವಿದ್ದವರು ಚಿತ್ರದ ಕ್ಯಾಸೆಟ್ಟನ್ನೇ ಕೊಳ್ಳುತ್ತಿದ್ದರು. ಇಲ್ಲದವರು ಬೇಕಾದ ಹಾಡುಗಳ ಪಟ್ಟಿ ಬರೆದು, ಖಾಲಿ ಕ್ಯಾಸೆಟ್ಟಿನೊಂದಿಗೆ ಅಂಗಡಿಗೆ ಕೊಟ್ಟು, ತುಂಬಿಸಿಕೊಂಡು ಬರುತ್ತಿದ್ದರು. ಅರವತ್ತು ನಿಮಿಷದ ಕ್ಯಾಸೆಟ್ಟಿನಲ್ಲಿ ಒಂದೊಂದು ಬದಿಗೆ ಮೂವತ್ತು ನಿಮಿಷವಾದ್ದರಿಂದ ಆರೇಳು ಹಾಡುಗಳಿಗಿಂತ ಹೆಚ್ಚು ಹಿಡಿಸುತ್ತಿರಲಿಲ್ಲ, ಹಾಗಾಗಿ ಯಾವುದನ್ನು ಸೇರಿಸುವುದು, ಯಾವುದನ್ನು ಬಿಡುವುದು ಎಂಬುದೇ ಒಂದು ಸಂಜೆಯ ಚಿಂತೆಯಾಗುತ್ತಿತ್ತು. ನೀವು ಆ ಡಬ್ಬವನ್ನು ಇಳಿಸಿ ನೋಡಿದರೆ, ಒಳಗಿನ ಕಾರ್ಡುಗಳ ಮೇಲೆ ಒಂದೊಂದು ಹಾಡಿನ ಮೊದಲ ಸಾಲನ್ನು ಬಾಲ್‌ಪೆನ್ನಿನಲ್ಲಿ ಒತ್ತೊತ್ತಾಗಿ ಬರೆದಿರುವುದು, ಜಾಗ ಸಾಲದೆ ಕೊನೆಯ ಹಾಡಿನ ಅಕ್ಷರಗಳು ಅಂಚಿನಲ್ಲಿ ಮೇಲಕ್ಕೆ ತಿರುಗಿರುವುದು ಬಹುಶಃ ಕಾಣಿಸುತ್ತದೆ. ಟೇಪು ಸಡಿಲವಾದಾಗಲೆಲ್ಲ ಪೆನ್ಸಿಲ್ ತೂರಿಸಿ ಸುತ್ತಿ ಸರಿಪಡಿಸಿದ ಕೈ ಅವರದೇ. ಟೇಪ್ ರೆಕಾರ್ಡರ್ ಕೂಡ ಇಲ್ಲದ ಗೆಳೆಯರು ಆಕಾಶವಾಣಿಯ ಕೋರಿಕೆ ಕಾರ್ಯಕ್ರಮಕ್ಕೆ ಅಂಚೆ ಕಾರ್ಡು ಹಾಕಿ, ಹಾಡಿಗಿಂತಲೂ ಅದಕ್ಕೆ ಮೊದಲು ಓದುವ ತಮ್ಮ ಹೆಸರಿಗಾಗಿ ಮತ್ತು ಊರಿನ ಹೆಸರಿಗಾಗಿ ಕಿವಿಗೊಟ್ಟು ಕೂರುತ್ತಿದ್ದರು.

ಇಷ್ಟು ವಿವರವಾಗಿ ಹೇಳುವುದಕ್ಕೆ ಕಾರಣವಿದೆ. ಕಷ್ಟಪಟ್ಟು ಪಡೆದುದಕ್ಕೆ ಮನಸ್ಸು ಹೆಚ್ಚು ಬೆಲೆ ಕಟ್ಟುತ್ತದೆ ಎಂಬುದನ್ನು ಎಲಿಯಟ್ ಆರನ್ಸನ್ ಮತ್ತು ಜಡ್ಸನ್ ಮಿಲ್ಸ್ ಎಂಬ ಮನೋವಿಜ್ಞಾನಿಗಳು 1959ರಲ್ಲಿಯೇ ಪ್ರಯೋಗದ ಮೂಲಕ ತೋರಿಸಿದ್ದರು. ಒಂದು ಗುಂಪನ್ನು ಸೇರಲು ಹೆಚ್ಚು ಮುಜುಗರ ಅನುಭವಿಸಬೇಕಾದವರು, ಆ ಗುಂಪಿನ ಮಾತುಕತೆ ನೀರಸವಾಗಿದ್ದರೂ ಅದನ್ನು ಹೆಚ್ಚು ಮೆಚ್ಚಿದರು. ಗಾಯಕನ ಮೇಲಿನ ಅಭಿಮಾನವನ್ನು ಹಾಡು ಹುಟ್ಟಿಸುತ್ತದೆ, ನಿಜ. ಆದರೆ ಅದನ್ನು ದಶಕಗಳ ಕಾಲ ಉಳಿಸುವುದು ಅಭಿಮಾನಿ ತಾನೇ ಅದಕ್ಕೆ ಹಾಕಿದ ಶ್ರಮ, ಸಮಯ ಮತ್ತು ಬದುಕು ಎಂಬುದು ನನ್ನ ಖಚಿತ ಅಭಿಪ್ರಾಯ. ಗಾಯಕರು ಎಷ್ಟೇ ದೊಡ್ಡವರಾಗಿರಲಿ, ಈ ಪಾಲನ್ನು ಅವರು ಕೊಡಲಾರರು.

ಇನ್ನು ವಯಸ್ಸಿನ ವಿಷಯ. ನಲವತ್ತು ದಾಟಿದವರನ್ನು ಕೂರಿಸಿಕೊಂಡು ಬದುಕಿನ ನೆನಪುಗಳನ್ನು ಹೇಳಲು ಕೇಳಿದರೆ, ಸುಮಾರು ಹತ್ತರಿಂದ ಮೂವತ್ತು ವರ್ಷದ ನಡುವಿನ ನೆನಪುಗಳೇ ಲೆಕ್ಕಕ್ಕೆ ಮೀರಿ ಬರುತ್ತವೆ ಎಂಬುದು ಸಂಶೋಧನೆಗಳಲ್ಲಿ ಮತ್ತೆ ಮತ್ತೆ ಕಂಡುಬಂದ ಸಂಗತಿ. ಸಂಗೀತದ ಮಟ್ಟಿಗಂತೂ ಹದಿಹರೆಯದ ಹಾಡುಗಳ ಹಿಡಿತ ಇನ್ನೂ ಬಿಗಿ. ಊರು ಬಿಡುವುದು, ಮೊದಲ ಸ್ನೇಹ, ಮೊದಲ ಸೋಲು, ಯಾರಿಗೂ ಹೇಳದ ಪ್ರೀತಿ, ತಾನು ಯಾರು ಎಂಬ ಪ್ರಶ್ನೆ, ಎಲ್ಲವೂ ಆ ವಯಸ್ಸಿನಲ್ಲಿಯೇ ಒಟ್ಟಿಗೆ ಬಂದೆರಗುತ್ತವೆ. ಜಗಳೂರಿನಂತಹ ಬಯಲುಸೀಮೆಯ ಹಳ್ಳಿಯಿಂದ ಬಂದು, ಪೇಟೆಯ ಹುಡುಗರ ನಡುವೆ ಮಾತಿಗೂ ಹಿಂಜರಿಯುತ್ತ ಹಾಸ್ಟೆಲಿನ ಕೋಣೆಯಲ್ಲಿ ಕುಳಿತ ಹುಡುಗನಿಗೆ ರಾತ್ರಿ ಜೊತೆಯಾದ ದನಿ ಎಸ್‌ಪಿಬಿ ಅವರದು. ಅಮೆರಿಕದ ನರವಿಜ್ಞಾನಿ ಪೀಟರ್ ಜನಾಟಾ 2009ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ವೈಯಕ್ತಿಕ ನೆನಪುಗಳನ್ನು ಎಬ್ಬಿಸುವ ಹಾಡನ್ನು ಕೇಳುವಾಗ ಹಣೆಯ ಹಿಂಬದಿಯ ಮಿದುಳಿನ ಒಂದು ಭಾಗ ಚುರುಕಾಗುತ್ತದೆ. ನಮ್ಮ ಬಗ್ಗೆ ನಾವೇ ಯೋಚಿಸುವಾಗ ಕೆಲಸ ಮಾಡುವ ಭಾಗಗಳಲ್ಲಿ ಅದೂ ಒಂದು. ಹಾಗಾಗಿ ನಿಮ್ಮ ಮನೆಯವರು ಆ ಹಾಡನ್ನು ಇಂದು ಹಾಕಿದಾಗ ಕೇಳಿಸಿಕೊಳ್ಳುತ್ತಿರುವುದು ಬರೀ ಹಾಡಲ್ಲ.

"ಕೇಳಿದ್ದನ್ನೇ ಎಷ್ಟು ಸಲ ಕೇಳುವುದು?" ಎಂದು ಅಭಿಮಾನಿಯಲ್ಲದವರಿಗೆ ಅನ್ನಿಸುವುದು ಸಹಜ. ಇದಕ್ಕೆ ಉತ್ತರ ಕೆನಡಾದ ಮಾಂಟ್ರಿಯಲ್‌ನಲ್ಲಿ ವಲೋರಿ ಸಲೀಂಪೂರ್ ಮತ್ತು ರಾಬರ್ಟ್ ಜಟೋರೆ ತಂಡ 2011ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಸಿಗುತ್ತದೆ. ಮೈ ಜುಮ್ಮೆನ್ನಿಸುವ ತಮ್ಮ ಮೆಚ್ಚಿನ ಸಂಗೀತವನ್ನು ತಾವೇ ಆರಿಸಿ ತರುವಂತೆ ಅವರು ಕೇಳುಗರಿಗೆ ಹೇಳಿದರು. ಅದನ್ನು ಕೇಳುವಾಗ ಮಿದುಳಿನಲ್ಲಿ ಸುಖದ ಅನುಭವಕ್ಕೆ ಸಂಬಂಧಿಸಿದ ಡೋಪಮೈನ್ ಎಂಬ ರಾಸಾಯನಿಕ ಬಿಡುಗಡೆಯಾಗುವುದನ್ನು ಅಳೆದರು. ರೋಮಾಂಚನವಾಗುವ ಕ್ಷಣದಲ್ಲಿ ಅದು ಒಂದು ಭಾಗದಲ್ಲಿ ಬಿಡುಗಡೆಯಾಯಿತು; ಆದರೆ ಆ ಕ್ಷಣ ಬರಲಿದೆ ಎಂದು ಕಾಯುವ ಹೊತ್ತಿನಲ್ಲಿಯೇ ಮತ್ತೊಂದು ಭಾಗದಲ್ಲಿ ಬಿಡುಗಡೆಯಾಗಿತ್ತು. ಅಂದರೆ ಮುಂದೇನು ಬರುತ್ತದೆ ಎಂದು ಗೊತ್ತಿರುವುದೇ ಸುಖದ ಅರ್ಧ ಭಾಗ. ಚರಣ ಮುಗಿದು ಪಲ್ಲವಿಗೆ ಮರಳುವ ತಿರುವಿನಲ್ಲಿ ಎಸ್‌ಪಿಬಿ ಸೇರಿಸುವ ಸಣ್ಣ ನಗುವಿಗೋ, ಎಳೆದು ಬಿಡುವ ಒಂದು ಉಸಿರಿಗೋ ಅಭಿಮಾನಿ ಮೊದಲೇ ಅಣಿಯಾಗಿ ಕುಳಿತಿರುತ್ತಾನೆ. ಅದೇ ಹಾಡನ್ನು ಬೇರೆಯವರು ಶ್ರುತಿ ತಪ್ಪದೆ ಹಾಡಿದರೂ "ಆ ನಗು ಬರಲಿಲ್ಲ" ಎಂದು ಅವನು ಗೊಣಗುವುದು ಕೊಂಕಿನಿಂದಲ್ಲ.

ದನಿಗೆ ಇಷ್ಟು ಸಲುಗೆ ಬಂದದ್ದು ಮೈಕ್ ಬಂದ ಮೇಲೆ. ನಮ್ಮ ದಾವಣಗೆರೆ ಕಂಪನಿ ನಾಟಕಗಳ ಊರು. ಚಿಂದೋಡಿ ಮನೆತನದ ಕೆ.ಬಿ.ಆರ್. ಡ್ರಾಮಾ ಕಂಪನಿ ಇಲ್ಲಿಯದು. ಮೈಕ್ ಇಲ್ಲದ ಕಾಲದ ರಂಗನಟರು ಗ್ಯಾಸ್‌ಲೈಟಿನ ಬೆಳಕಿನಲ್ಲಿ ಟೆಂಟಿನ ಕೊನೆಯ ಸಾಲಿನವರಿಗೂ ಮುಟ್ಟುವಂತೆ ಏರು ದನಿಯಲ್ಲಿ ಹಾಡಬೇಕಿತ್ತು, ಮೆಚ್ಚಿದ ಜನ "ವನ್ಸ್ ಮೋರ್" ಎಂದು ಕೂಗಿದರೆ ಮತ್ತೆ ಹಾಡಲೇಬೇಕಿತ್ತು; ಯುದ್ಧದಲ್ಲಿ ಸತ್ತು ಬಿದ್ದ ಪಾತ್ರವೂ ಎದ್ದು ನಿಂತು ಹಾಡಿ ಮತ್ತೆ ಸತ್ತ ಕಥೆಗಳನ್ನು ಹಳಬರು ನಗುತ್ತ ಹೇಳುತ್ತಾರೆ. ಆಗಲೂ ಅಭಿಮಾನಿಗಳಿದ್ದರು, ಆದರೆ ಅದು ಸಾವಿರ ಜನರ ನಡುವೆ ಕುಳಿತು ಪಡೆಯುವ ಸುಖ. 1925ರ ಸುಮಾರಿಗೆ ಮೈಕ್ ಬಳಸಿ ಧ್ವನಿಮುದ್ರಿಸುವ ಪದ್ಧತಿ ಬಂದ ಮೇಲೆ ಗಾಯಕರು ಪಿಸುಗುಟ್ಟುವಷ್ಟು ಮೆಲ್ಲಗೆ ಹಾಡಲು ಸಾಧ್ಯವಾಯಿತು. ತಾಯಿ, ಸಂಗಾತಿ, ಆಪ್ತ ಗೆಳೆಯರ ಹೊರತು ಬೇರೆ ಯಾರೂ ಅಷ್ಟು ಹತ್ತಿರದಿಂದ ನಮ್ಮ ಕಿವಿಯಲ್ಲಿ ಮಾತಾಡುವುದಿಲ್ಲ. ಮೊದಲು ರೇಡಿಯೊ, ಈಗ ಇಯರ್‌ಫೋನ್ ಆ ಸಲುಗೆಯನ್ನು ಅಪರಿಚಿತ ಗಾಯಕರಿಗೆ ಕೊಟ್ಟುಬಿಟ್ಟಿವೆ. ಧ್ವನಿಮುದ್ರಿತ ದನಿಯೊಂದು ಮನುಷ್ಯನನ್ನು ಎಷ್ಟು ದೂರ ಎಳೆದೊಯ್ಯಬಲ್ಲದು ಎಂಬುದಕ್ಕೆ ಗದುಗಿನ ಭೀಮಸೇನ ಜೋಶಿಯವರಿಗಿಂತ ಬೇರೆ ನಿದರ್ಶನ ಬೇಡ. ಹಿಂದೂಸ್ತಾನಿ ಗಾಯಕ ಅಬ್ದುಲ್ ಕರೀಂ ಖಾನರ ಠುಮ್ರಿಯೊಂದರ ಧ್ವನಿಮುದ್ರಿಕೆಯನ್ನು ಕೇಳಿದ ಆ ಹುಡುಗ ಹನ್ನೊಂದರ ವಯಸ್ಸಿನಲ್ಲಿ ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟು ಹೋದರು.

ಒಮ್ಮೆಯೂ ಭೇಟಿಯಾಗದವರ ಮೇಲಿನ ಈ ಆಪ್ತತೆಯನ್ನು ಡೊನಾಲ್ಡ್ ಹಾರ್ಟನ್ ಮತ್ತು ರಿಚರ್ಡ್ ವೋಲ್ ಎಂಬ ಸಂಶೋಧಕರು 1956ರಲ್ಲಿಯೇ ಗುರುತಿಸಿದ್ದರು. ರೇಡಿಯೊ ಮತ್ತು ಟಿವಿಯ ನಿರೂಪಕರು ನೇರವಾಗಿ ನಮ್ಮನ್ನೇ ಉದ್ದೇಶಿಸಿ ಮಾತಾಡುವಾಗ, ಅದು ಒಮ್ಮುಖದ ಸಂಬಂಧವೆಂದು ತಿಳಿದಿದ್ದರೂ ಮನಸ್ಸು ಅದನ್ನು ಪರಿಚಯವೆಂದೇ ದಾಖಲಿಸಿಕೊಳ್ಳುತ್ತದೆ ಎಂಬುದು ಅವರ ವಾದದ ತಿರುಳು. ಎಸ್‌ಪಿಬಿ ಅವರ ವಿಷಯದಲ್ಲಿ ಇದು ಎರಡು ಹಂತಗಳಲ್ಲಿ ನಡೆಯಿತೆಂದು ನನಗನ್ನಿಸುತ್ತದೆ. ಮೊದಲು ಅವರು ಬರಿಯ ದನಿ. ಪರದೆಯ ಮೇಲೆ ವಿಷ್ಣುವರ್ಧನ್, ಶಂಕರ್‌ನಾಗ್, ಅಂಬರೀಷ್ ಮುಂತಾದವರ ಮುಖ. ಆಮೇಲೆ ಈಟಿವಿ ಕನ್ನಡದ 'ಎದೆ ತುಂಬಿ ಹಾಡುವೆನು' ಕಾರ್ಯಕ್ರಮದಲ್ಲಿ ಅವರೇ ಮನೆಯೊಳಗೆ ಬಂದರು: ಸ್ವರ ತಪ್ಪಿದ ಮಗುವನ್ನು ನೋಯಿಸದೆ ತಿದ್ದುತ್ತ, ಹಾಡು ಹುಟ್ಟಿದ ಹಿನ್ನೆಲೆ ಹೇಳುತ್ತ, ಸಾಹಿತ್ಯ ಬರೆದವರನ್ನೂ ವಾದ್ಯ ನುಡಿಸಿದವರನ್ನೂ ಹೊಗಳುತ್ತ. ಆಂಧ್ರದ ನೆಲ್ಲೂರು ಸೀಮೆಯಲ್ಲಿ 1946ರಲ್ಲಿ ಹುಟ್ಟಿ, 1966ರಲ್ಲಿ ತೆಲುಗು ಚಿತ್ರದಿಂದ ಹಿನ್ನೆಲೆ ಗಾಯನ ಆರಂಭಿಸಿದ ಅವರು ಆರು ರಾಷ್ಟ್ರ ಪ್ರಶಸ್ತಿಗಳನ್ನು ನಾಲ್ಕು ಭಾಷೆಗಳ ಚಿತ್ರಗಳ ಹಾಡುಗಳಿಗೆ ಪಡೆದರು. ಅದರಲ್ಲಿ ಕನ್ನಡದ್ದು ಗದುಗಿನ ಪಂಚಾಕ್ಷರಿ ಗವಾಯಿಗಳನ್ನು ಕುರಿತ ಚಿತ್ರದ ಹಾಡಿಗೆ ಬಂದದ್ದು. ಬೇರೆ ನುಡಿಯವರು ನಮ್ಮ ನುಡಿಯನ್ನು ಇಷ್ಟು ಅಚ್ಚುಕಟ್ಟಾಗಿ ಹಾಡಿದರು ಎಂಬ ಹೆಮ್ಮೆಯೂ ಕನ್ನಡದ ಅಭಿಮಾನಿಯ ಪ್ರೀತಿಯಲ್ಲಿ ಸೇರಿಕೊಂಡಿದೆ.

ಅಭಿಮಾನ ಒಂಟಿಯಾಗಿಯೂ ಬೆಳೆಯುವುದಿಲ್ಲ. ಗಣಪತಿ ಹಬ್ಬದಲ್ಲಿ, ದುಗ್ಗಮ್ಮನ ಜಾತ್ರೆಯ ಹೊತ್ತಿನಲ್ಲಿ ಆರ್ಕೆಸ್ಟ್ರಾ ನಡೆಯುವಾಗ ಎಸ್‌ಪಿಬಿ ಹಾಡಿನ ಮೊದಲ ವಾದ್ಯ ಕೇಳಿದೊಡನೆ ಜನ ಸಿಳ್ಳೆ ಹಾಕಿ ದನಿಗೂಡಿಸುವುದನ್ನು ನೀವೂ ನೋಡಿರುತ್ತೀರಿ. ಒಟ್ಟಿಗೆ ಹಾಡಿದವರು, ಕುಣಿದವರು, ತಾಳ ಬಡಿದವರು ಬರೀ ಕೇಳಿಸಿಕೊಂಡವರಿಗಿಂತ ಹೆಚ್ಚು ನೋವು ತಡೆದುಕೊಳ್ಳುತ್ತಾರೆ ಎಂಬುದನ್ನು ಆಕ್ಸ್‌ಫರ್ಡಿನ ರಾಬಿನ್ ಡನ್‌ಬಾರ್ ಮತ್ತವರ ಜೊತೆಗಾರರು 2012ರಲ್ಲಿ ತೋರಿಸಿ, ಮಿದುಳಿನಲ್ಲಿ ಬಿಡುಗಡೆಯಾಗುವ ಎಂಡಾರ್ಫಿನ್ ಎಂಬ ನೋವು ತಗ್ಗಿಸುವ ರಾಸಾಯನಿಕ ಇದಕ್ಕೆ ಕಾರಣವೆಂದು ವಾದಿಸಿದ್ದಾರೆ. ಗುಂಪಿನಲ್ಲಿ ಹಾಡಿದವರು ಪರಸ್ಪರ ಹತ್ತಿರವಾಗುತ್ತಾರೆ, ಆ ಹತ್ತಿರದ ಪುಣ್ಯವೂ ಗಾಯಕನ ಖಾತೆಗೇ ಜಮೆಯಾಗುತ್ತದೆ. ಕಲಾವಿದರೂ ಈ ಋಣವನ್ನು ಬಲ್ಲರು. ಡಾ. ರಾಜ್‌ಕುಮಾರ್ ತಮ್ಮ ಅಭಿಮಾನಿಗಳನ್ನು 'ಅಭಿಮಾನಿ ದೇವರುಗಳು' ಎಂದು ಕರೆಯುತ್ತಿದ್ದುದು ನಿಮಗೆ ಗೊತ್ತೇ ಇದೆ. ಕೈಮುಗಿಯಲು ಬಂದವನಿಗೇ ಕೈಮುಗಿದರೆ ಅವನು ಮತ್ತೆಲ್ಲಿಗೆ ಹೋದಾನು?

ನಿಮ್ಮ ಮನೆಯ ಜಗಳಕ್ಕೆ ಬರೋಣ. 1976ರಲ್ಲಿ ಮನೋವಿಜ್ಞಾನಿ ರಾಬರ್ಟ್ ಚಾಲ್ಡೀನಿ ಮತ್ತು ಸಂಗಡಿಗರು ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಗಮನಿಸಿದಂತೆ, ತಮ್ಮ ಫುಟ್‌ಬಾಲ್ ತಂಡ ಗೆದ್ದ ಮರುದಿನಗಳಲ್ಲಿ ವಿದ್ಯಾರ್ಥಿಗಳು ವಿಶ್ವವಿದ್ಯಾಲಯದ ಹೆಸರಿರುವ ಬಟ್ಟೆಗಳನ್ನು ಹೆಚ್ಚಾಗಿ ತೊಟ್ಟರು. ಗೆದ್ದಾಗ "ನಾವು ಗೆದ್ದೆವು" ಎಂದವರು ಸೋತಾಗ "ಅವರು ಸೋತರು" ಎನ್ನುವುದೇ ಹೆಚ್ಚು. ಕಟ್ಟಾ ಅಭಿಮಾನಿಗೆ ಈ ಎರಡನೆಯ ಸೌಕರ್ಯವಿಲ್ಲ. ಅವನು ಸೋಲಿನಲ್ಲಿಯೂ 'ನಾವು' ಎಂದೇ ಹೇಳುವವನು, ಮೆಚ್ಚಿದವರನ್ನು ತನ್ನದೇ ಭಾಗವೆಂದು ಎಣಿಸುವವನು. ಹಾಗಾಗಿ "ಅದೂ ಒಂದು ಹಾಡೇನೇ?" ಎಂಬ ಮಾತು ನಿಮ್ಮ ಮಗಳಿಗೆ ಹಾಡಿನ ವಿಮರ್ಶೆಯಾಗಿ ಕೇಳಿಸಿಲ್ಲ, ತನ್ನನ್ನೇ ಹಳಿದಂತೆ ಕೇಳಿಸಿದೆ. ಅವಳ ಮರುಮಾತಂತೂ ಇನ್ನೂ ಹಸಿಯಾಗಿದ್ದ ಗಾಯಕ್ಕೆ ತಗುಲಿದೆ.

ಆ ಗಾಯ ಮಾಯದಿರಲು ಕಾರಣವಿದೆ. ಎಸ್‌ಪಿಬಿ 2020ರ ಆಗಸ್ಟ್ 5ರಂದು ಕೋವಿಡ್‌ನಿಂದ ಚೆನ್ನೈನ ಆಸ್ಪತ್ರೆಗೆ ಸೇರಿ, ಸೆಪ್ಟೆಂಬರ್ 25ರಂದು ತೀರಿಕೊಂಡರು. ಐವತ್ತು ದಿನ ಪ್ರತಿ ಸಂಜೆ ಆಸ್ಪತ್ರೆಯ ಸುದ್ದಿಗಾಗಿ ಟಿವಿಯ ಮುಂದೆ ಕುಳಿತವರಿಗೆ ಕೊನೆಯಲ್ಲಿ ಅಂತಿಮ ದರ್ಶನಕ್ಕೆ ಹೊರಡಲೂ ಆಗದ ಕಾಲ ಅದು. ನಮ್ಮಲ್ಲಿ ಬಂಧುವೊಬ್ಬರು ತೀರಿಕೊಂಡರೆ ಮಣ್ಣಿಗೆ ಹೋಗಿ ಬರುತ್ತೇವೆ, ಹಾಲು ತುಪ್ಪ ಬಿಡುತ್ತೇವೆ, ನೆರೆಹೊರೆಯವರು ಬಂದು ಒಂದಿಷ್ಟು ಹೊತ್ತು ಕುಳಿತು ಹೋಗುತ್ತಾರೆ. ಈ ಎಲ್ಲವೂ ದುಃಖಕ್ಕೆ ಒಂದು ದಾರಿ ಮಾಡಿಕೊಡುತ್ತವೆ. ಮಂಡಿಪೇಟೆಯ ಲೆಕ್ಕಿಗರೊಬ್ಬರಿಗೆ ಗಾಯಕ ತೀರಿಕೊಂಡರೆಂದು ಯಾರು ಬಂದು ಸಮಾಧಾನ ಹೇಳಿಯಾರು? ಸಮಾಜ ಒಪ್ಪದ ಇಂತಹ ದುಃಖ ಹೆಚ್ಚು ಕಾಲ ಒಳಗೇ ಉಳಿಯುತ್ತದೆ ಎಂಬುದನ್ನು ಕೆನೆತ್ ಡೋಕಾ ಎಂಬ ವಿದ್ವಾಂಸರು 1989ರಿಂದಲೂ ವಿವರಿಸುತ್ತ ಬಂದಿದ್ದಾರೆ. ಸೆಪ್ಟೆಂಬರ್‌ನಲ್ಲಿ ನಿಮ್ಮ ಮನೆಯವರು ಮಂಕಾಗುವುದು ಇದೇ ಜಾತಿಯದು. ಆ ದಿನ ಅವರನ್ನು ಗೇಲಿ ಮಾಡದೆ, ಸಾಧ್ಯವಾದರೆ ಜೊತೆಗೆ ಕುಳಿತು ಎರಡು ಹಾಡು ಕೇಳಿ.

ಮಗಳ ಲೋಕ ಬೇರೆ ಎಂದು ಕಂಡರೂ ಒಳಗಿನ ಯಂತ್ರ ಅದೇ. ಬಿಟಿಎಸ್ ಏಳು ಯುವಕರ ತಂಡ, 2013ರ ಜೂನ್ 13ರಂದು ಆರಂಭವಾದದ್ದು. ಅಭಿಮಾನಿ ಬಳಗಕ್ಕೆ 'ಆರ್ಮಿ' ಎಂದು ಹೆಸರು. ಈ ಹುಡುಗರು ಹಾಡಷ್ಟೇ ಕೊಡುವುದಿಲ್ಲ. 2019ರಲ್ಲಿ ಬಂದ ವೀವರ್ಸ್ ಎಂಬ ಆ್ಯಪ್‌ನಂತಹ ಕಡೆ ಕೋಣೆಯಲ್ಲಿ ಕುಳಿತು ಊಟ ಮಾಡುತ್ತ ಅಭಿಮಾನಿಗಳೊಂದಿಗೆ ಹರಟುತ್ತಾರೆ, ಬಂದ ಸಂದೇಶಗಳಲ್ಲಿ ಕೆಲವನ್ನು ಗಟ್ಟಿಯಾಗಿ ಓದುತ್ತಾರೆ. ತನ್ನ ಸಂದೇಶವನ್ನು ಒಮ್ಮೆ ಓದಿಯಾರೆಂದು ಕಾಯುವ ಹುಡುಗಿಗೂ ಆಕಾಶವಾಣಿಗೆ ಕಾರ್ಡು ಹಾಕಿ ಕಾಯುತ್ತಿದ್ದವರಿಗೂ ನಾನು ದೊಡ್ಡ ವ್ಯತ್ಯಾಸ ಕಾಣೆ. 2022ರ ಡಿಸೆಂಬರ್‌ನಿಂದ ತಂಡದವರು ಹಂತ ಹಂತವಾಗಿ ಕಡ್ಡಾಯ ಮಿಲಿಟರಿ ಸೇವೆಗೆ ಹೋದರು, 2025ರ ಜೂನ್‌ವರೆಗೆ ಅದು ನಡೆಯಿತು. ಅಷ್ಟು ಕಾಲವೂ ಬಳಗ ಚದುರಲಿಲ್ಲ. 2020ರ ಜೂನ್‌ನಲ್ಲಿ ತಂಡ ಅಮೆರಿಕದ ಜನಾಂಗಭೇದ ವಿರೋಧಿ ಹೋರಾಟಕ್ಕೆ ಹತ್ತು ಲಕ್ಷ ಡಾಲರ್ ಕೊಟ್ಟ ಸುದ್ದಿ ತಿಳಿದ ಮೇಲೆ ಅಭಿಮಾನಿಗಳು ಸುಮಾರು ಒಂದೇ ದಿನದಲ್ಲಿ ಅಷ್ಟೇ ಹಣವನ್ನು ತಾವೂ ಕೂಡಿಸಿದರು. ಹುಡುಗಾಟವೆಂದು ತಳ್ಳಿಹಾಕುವ ಮೊದಲು ಹಿರಿಯರು ಇದನ್ನೂ ನೋಡಬೇಕು.

ಒಂದು ವಿಷಯದಲ್ಲಿ ಮಾತ್ರ ಮಗಳ ಕಾಲ ಕಷ್ಟದ್ದು. ಅವಳ ಬಳಿ ಫೋಟೊಕಾರ್ಡುಗಳಿದ್ದರೆ ಕೇಳಿ ನೋಡಿ. ಆಲ್ಬಮ್ಮಿನ ಪೆಟ್ಟಿಗೆ ಒಡೆಯುವವರೆಗೂ ಏಳು ಜನರಲ್ಲಿ ಯಾರ ಚಿತ್ರದ ಕಾರ್ಡು ಒಳಗಿದೆ ಎಂದು ಗೊತ್ತಾಗುವುದಿಲ್ಲ. ಬೇಕಾದವರದು ಬಾರದಿದ್ದರೆ ಮತ್ತೊಂದು ಆಲ್ಬಮ್ ಕೊಳ್ಳಬೇಕು, ಇಲ್ಲವೇ ಬೇರೆಯವರೊಂದಿಗೆ ಅದಲುಬದಲು ಮಾಡಿಕೊಂಡು ಪ್ಲಾಸ್ಟಿಕ್ ಹಾಳೆಯೊಳಗೆ ಜೋಪಾನ ಮಾಡಬೇಕು. ಯಾವಾಗ ಸಿಗುತ್ತದೆಂದು ತಿಳಿಯದ ಬಹುಮಾನ ಮನುಷ್ಯನನ್ನು ಎಷ್ಟು ಬಿಗಿಯಾಗಿ ಹಿಡಿಯುತ್ತದೆ ಎಂಬುದನ್ನು ಬಲ್ಲವರೇ ಇಂತಹ ವ್ಯಾಪಾರ ನಡೆಸುತ್ತಾರೆ. ಅವಳ ಪ್ರೀತಿಯನ್ನು ಪ್ರಶ್ನಿಸದೆ ಖರ್ಚನ್ನು ಮಾತ್ರ ಪ್ರಶ್ನಿಸಿ. ತಿಂಗಳಿಗೆ ಇಷ್ಟೆಂದು ಗೊತ್ತು ಮಾಡಿ, ಯಾವುದನ್ನು ಕೊಳ್ಳುವುದೆಂಬ ಆಯ್ಕೆಯನ್ನು ಅವಳಿಗೇ ಬಿಡಿ.

ಇಬ್ಬರ ನಡುವೆ ಒಂದು ಸೇತುವೆ ಈಗಾಗಲೇ ಇರಬಹುದು. ಕಾರ್ನೆಲ್ ವಿಶ್ವವಿದ್ಯಾಲಯದ ಕ್ಯಾರಲ್ ಕ್ರಮ್‌ಹ್ಯಾನ್ಸಲ್ ಮತ್ತು ಜಸ್ಟಿನ್ ಜುಪ್ನಿಕ್ 2013ರಲ್ಲಿ ಇಪ್ಪತ್ತರ ಆಸುಪಾಸಿನ ಯುವಕ ಯುವತಿಯರಿಗೆ ಹಲವು ದಶಕಗಳ ಹಾಡುಗಳನ್ನು ಕೇಳಿಸಿದಾಗ, ತಮ್ಮ ಕಾಲದ ಹಾಡುಗಳ ಜೊತೆಗೆ ತಮ್ಮ ತಂದೆತಾಯಿ ಹರೆಯದಲ್ಲಿದ್ದ ಕಾಲದ ಹಾಡುಗಳೂ ಅವರಿಗೆ ವಿಶೇಷವಾಗಿ ಹತ್ತಿರವಾಗಿದ್ದವು. ಮನೆಯಲ್ಲಿ ಕೇಳುತ್ತ ಬೆಳೆದದ್ದರ ಫಲ ಅದು. ನಿಮ್ಮ ಮಗಳು ತೊಟ್ಟಿಲಿನಿಂದಲೂ ಎಸ್‌ಪಿಬಿ ಕೇಳಿಕೊಂಡೇ ಬೆಳೆದವಳಲ್ಲವೇ? ಪರಸ್ಪರರ ಹಾಡನ್ನು ಮೆಚ್ಚಿಸಲು ಹೋಗಬೇಡಿ, ಅದು ಆಗದ ಮಾತು. ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಇಳಿಸುವ ಕೆಲಸವನ್ನು ಇಬ್ಬರಿಗೂ ಒಟ್ಟಿಗೆ ವಹಿಸಿ. ಅಟ್ಟದ ಬಿಸಿಗೂ ಮಳೆಗಾಲದ ತೇವಕ್ಕೂ ಟೇಪು ಬೂಷ್ಟು ಹಿಡಿಯುತ್ತದೆ, ಹೇಗೂ ಬೇಗ ಮಾಡಬೇಕಾದ ಕೆಲಸ. ಮಗಳಿಗೆ ತಾಂತ್ರಿಕ ಕೈಚಳಕವಿದೆ, ಅಪ್ಪನಿಗೆ ಯಾವ ಹಾಡು ಯಾವ ಬದಿಯಲ್ಲಿದೆ ಎಂಬುದು ಬಾಯಿಪಾಠವಿದೆ.

ಕಾಯಿಲೆಯೇ ಎಂದು ಕೇಳಿದ್ದೀರಿ. ನೀವು ಬರೆದಿರುವಷ್ಟರಲ್ಲಿ ಅಂಥದ್ದೇನೂ ಇಲ್ಲ. ಲಿನ್ ಮೆಕಚನ್ ಮತ್ತು ಸಂಗಡಿಗರು 2002ರಲ್ಲಿ ರೂಪಿಸಿದ ಅಳತೆಗೋಲಿನ ಆಧಾರದ ಮೇಲೆ ಈ ಸೆಳೆತವನ್ನು ಸಂಶೋಧಕರು ಮೂರು ಮಟ್ಟಗಳಲ್ಲಿ ನೋಡುತ್ತಾರೆ: ಗೆಳೆಯರೊಂದಿಗೆ ಮಾತಾಡಿ ಖುಷಿಪಡುವ ಮಟ್ಟ, ಆ ವ್ಯಕ್ತಿ ತನ್ನ ಬದುಕಿನ ಭಾಗವೆಂದು ಒಳಗೊಳಗೇ ಭಾವಿಸುವ ಮಟ್ಟ, ಅವರಿಗಾಗಿ ಕಾನೂನನ್ನೂ ಜೀವವನ್ನೂ ಲೆಕ್ಕಿಸದ ಮಟ್ಟ. ಹೆಚ್ಚಿನವರು ಮೊದಲನೆಯದರಲ್ಲಿಯೇ ಇರುತ್ತಾರೆ. ನಿಮ್ಮ ಮನೆಯವರು ಎರಡನೆಯದಕ್ಕೆ ಕಾಲಿಟ್ಟಿದ್ದರೂ ಕೆಲಸಕ್ಕೆ ಹೋಗುತ್ತಾರೆ, ಸಂಸಾರ ನಡೆಸುತ್ತಾರೆ, ಹಾಗಾಗಿ ಚಿಂತೆಯಿಲ್ಲ. ಮೂರನೆಯದು ಎಷ್ಟು ಅಪಾಯಕಾರಿ ಎಂಬುದನ್ನು 2006ರ ಏಪ್ರಿಲ್‌ನಲ್ಲಿ ರಾಜ್‌ಕುಮಾರ್ ತೀರಿಕೊಂಡಾಗ ಬೆಂಗಳೂರಿನಲ್ಲಿ ನಡೆದ ಗಲಭೆಯಲ್ಲಿ ಕಂಡಿದ್ದೇವೆ, ಜೀವಗಳೇ ಹೋದವು.

ಮಗಳ ವಿಷಯದಲ್ಲಿ ಕೆಲವನ್ನು ಗಮನಿಸುತ್ತಿರಿ. ರಾತ್ರಿಯೆಲ್ಲ ಎಚ್ಚರವಿರುವುದು, ಊಟ ಬಿಡುವುದು, ಪರದೆಯ ಮೇಲೆ ಕಂಡವರ ಹಾಗೆ ತೆಳ್ಳಗಾಗಲು ಹೊರಡುವುದು, ಹಣಕ್ಕಾಗಿ ಸುಳ್ಳು ಹೇಳುವುದು, ಎದುರಿಗಿರುವ ಗೆಳತಿಯರನ್ನೆಲ್ಲ ತೊರೆಯುವುದು, ಇವುಗಳಲ್ಲಿ ಯಾವುದಾದರೂ ವಾರಗಟ್ಟಲೆ ಮುಂದುವರಿದರೆ ಅದನ್ನು ಹಾಡಿನ ಮೇಲೆ ಹಾಕಿ ಸುಮ್ಮನಾಗಬೇಡಿ. ಸಾಮಾನ್ಯವಾಗಿ ಒಳಗೆ ಬೇರೊಂದು ಕಷ್ಟವಿರುತ್ತದೆ, ಹಾಡು ಅದಕ್ಕೆ ಅವಳು ಕಂಡುಕೊಂಡ ಆಸರೆಯಾಗಿರುತ್ತದೆ. ನಿಮ್ಮ ಮನೆಯವರ ಮಂಕು ಸೆಪ್ಟೆಂಬರ್ ದಾಟಿಯೂ ಕರಗದೆ ನಿದ್ದೆ, ಕೆಲಸ, ಮಾತುಕತೆಗೆ ಅಡ್ಡಿಯಾದರೂ ಇದೇ ಮಾತು ಅನ್ವಯಿಸುತ್ತದೆ. ಅಂತಹ ಸಂದರ್ಭದಲ್ಲಿ ಜಿಲ್ಲಾಸ್ಪತ್ರೆಯ ಮನೋರೋಗ ವಿಭಾಗಕ್ಕೆ ಹೋಗಬಹುದು, ಇಲ್ಲವೇ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು. ಹಗಲು ರಾತ್ರಿ ಯಾವಾಗ ಬೇಕಾದರೂ ಅಲ್ಲಿ ಕನ್ನಡದಲ್ಲಿಯೇ ಮಾತಾಡಬಹುದು.